ಅತ್ತೆಯ ಕೋಣೆಗೊಂದು ಕಿಟಕಿ

ಇಷ್ಟು ದೊಡ್ಡ ಮನೆಯಲ್ಲಿ ಇಬ್ಬರೇ ಹೇಗಿರುತ್ತೀರಿ ಎಂದು ಕೇಳುವವರಿಗೆ ಉತ್ತರ ಕೊಡುವ ಗೋಜಿಗೆ ನಾನೀಗ ಹೋಗುವುದಿಲ್ಲ. ಅವರಿಗೆ ಬೇಕಿರುವುದು ಉತ್ತರವಲ್ಲ. ಹೆಬ್ಬಾಗಿಲಿನಲ್ಲಿ ನಿಂತು ತೊಟ್ಟಿಯ ಕಡೆಗೊಮ್ಮೆ ನೋಡಿ, 'ಹಿಂದೆ ಎಷ್ಟು ಜನ ಇದ್ದ ಮನೆ' ಎಂದು ಮರುಕಪಟ್ಟು, ಕಾಫಿ ಕುಡಿದು ಹೋಗುತ್ತಾರೆ. ನಿಜ ಹೇಳಬೇಕೆಂದರೆ ಮಲೆನಾಡಿನ ಈ ತೊಟ್ಟಿಮನೆಗಳನ್ನು ತಲೆ ಎಣಿಸಿ ಯಾರೂ ಕಟ್ಟಲಿಲ್ಲ. ಕಟ್ಟಿದ್ದು ಅಡಿಕೆಗೆ ಮತ್ತು ಭತ್ತಕ್ಕೆ. ಜಗಲಿ ಅಷ್ಟುದ್ದ ಇರುವುದು ರಾತ್ರಿ ಸಾಲಾಗಿ ಕುಳಿತು ಅಡಿಕೆ ಸುಲಿಯುವುದಕ್ಕೆ. ಮೆತ್ತು, ಎಂದರೆ ಮಹಡಿ, ಅಷ್ಟಗಲ ಇರುವುದು ಬೇಯಿಸಿದ ಅಡಿಕೆಯನ್ನು ಮಳೆಮೋಡದಿಂದ ತಪ್ಪಿಸುವುದಕ್ಕೆ. ನಡುಮನೆಯ ಪಕ್ಕದ ಕತ್ತಲ ಕೋಣೆ ಪೂರ್ತಿ ಭತ್ತದ ಕಣಜಕ್ಕೆ ಸಂದದ್ದು. ಇವೆಲ್ಲದರ ನಡುವೆ ಉಳಿದ ಸಂದುಗೊಂದಿಗಳಲ್ಲಿ ನಮ್ಮ ಹಿರಿಯರು ಚಾಪೆ ಬಿಡಿಸಿ ಮಲಗುತ್ತಿದ್ದರು. ಈಗ ಅಡಿಕೆ ಸುಲಿಯಲು ಯಂತ್ರ ಬಂದಿದೆ, ಭತ್ತ ಬೆಳೆಯುವವರು ಕಡಿಮೆಯಾಗಿದ್ದಾರೆ. ಮನೆ ಖಾಲಿ ಅನ್ನಿಸುವುದಕ್ಕೆ ಅರ್ಧ ಕಾರಣ ಇದು. ಉಳಿದರ್ಧದ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಊರು ಸಾಗರ ತಾಲ್ಲೂಕಿನಲ್ಲಿ, ಶರಾವತಿಯ ಹಿನ್ನೀರಿನಿಂದ ಹೆಚ್ಚು ದೂರವಿಲ್ಲ. ಇದು ನನ್ನ ತವರು. ತವರಿಗೆ ಹೆಣ್ಣುಮಕ್ಕಳು ಬರುವುದು ಬಾಣಂತನಕ್ಕೆ, ಹಬ್ಬಕ್ಕೆ, ಸೂತಕಕ್ಕೆ. ಇರುವುದಕ್ಕೆಂದೇ ಬಂದವರು ನಮ್ಮ ಮನೆಯ ಇತಿಹಾಸದಲ್ಲಿ ನನಗೆ ತಿಳಿದಂತೆ ಇಬ್ಬರು. ಒಬ್ಬರು ಅಪ್ಪಯ್ಯನ ಅಕ್ಕ, ನಮ್ಮ ಅತ್ತೆ. ಇನ್ನೊಬ್ಬಳು ನಾನು. ಅತ್ತೆ ಬಂದದ್ದು ಹರೆಯದಲ್ಲೇ ಗಂಡನನ್ನು ಕಳೆದುಕೊಂಡು, ಒಂದು ಟ್ರಂಕಿನೊಡನೆ. ನಾನು ಬಂದದ್ದು ಕೆಲಸದಿಂದ ನಿವೃತ್ತಳಾಗಿ, ಗಂಡನನ್ನೂ ಲಾರಿ ತುಂಬ ಸಾಮಾನನ್ನೂ ಕಟ್ಟಿಕೊಂಡು. ಅವರಿಗೆ ಸಿಕ್ಕಿದ್ದು ಮೆಟ್ಟಿಲ ಕೆಳಗಿನ ಕೋಣೆ, ನನಗೆ ಸಿಕ್ಕಿದ್ದು ಇಡೀ ಮನೆ.

ಮನೆ ನನ್ನ ಪಾಲಿಗೆ ಬಂದ ಬಗೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಎಂಬ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂತು. ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಅದು ಅನ್ವಯಿಸುತ್ತಿರಲಿಲ್ಲ. ನಾನು ಆ ಗೆರೆಯ ಆಚೆ ಇದ್ದವಳು. 2005ರಲ್ಲಿ ಕೇಂದ್ರದ ಕಾಯಿದೆಯೇ ತಿದ್ದುಪಡಿಯಾದಾಗ ನನ್ನಂಥವರೂ ಸೇರಿದೆವು. 2020ರಲ್ಲಿ ಸುಪ್ರೀಂ ಕೋರ್ಟು ಇದ್ದಬದ್ದ ಗೊಂದಲವನ್ನೂ ಬಗೆಹರಿಸಿತು. ಹಾಗೆಂದು ನಾನು ಪಾಲು ಕೇಳಿದವಳಲ್ಲ. ಅಣ್ಣಯ್ಯ ಹೋದ ಮೇಲೆ ಅತ್ತಿಗೆ ಮಗನ ಜೊತೆ ಬೆಂಗಳೂರಿಗೆ ಹೊರಟರು. ಮನೆಗೆ ಬೀಗ ಬಿತ್ತು. ಮುಂದಿನ ಮಳೆಗಾಲ ಕಳೆಯುವಷ್ಟರಲ್ಲಿ ಅಣ್ಣಯ್ಯನ ಮಗ ಫೋನು ಮಾಡಿ, 'ಅತ್ತೆ, ತೋಟ ನಾನು ನೋಡಿಕೊಳ್ಳುತ್ತೇನೆ. ಮನೆ ನೀನು ಇಟ್ಟುಕೊಂಡರೆ ಉಳಿಯುತ್ತದೆ, ಇಲ್ಲವಾದರೆ ಕೆಡವುವುದೇ ಸೈ' ಎಂದ. ನಾವಿಬ್ಬರೂ ಸಾಗರಕ್ಕೆ ಹೋಗಿ ಕಾಗದ ಪತ್ರ ಮಾಡಿಸಿದೆವು. ಅಲ್ಲಿಗೆ ಅದು ಮುಗಿಯಿತು.

ಮೊದಲು ಕೈ ಹಾಕಿದ್ದು ಮಾಡಿಗೆ, ಎಂದರೆ ಹಂಚಿನ ಸೂರಿಗೆ. ಇಲ್ಲಿ ಬದುಕಬೇಕೆಂದರೆ ಮಾಡು ಮೊದಲು, ದೇವರ ಮನೆ ಆಮೇಲೆ. ಘಟ್ಟದ ನೆತ್ತಿಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಒಡೆದ ಒಂದು ಹಂಚು ಒಂದು ತೊಲೆಯನ್ನು ತಿಂದುಹಾಕುವುದಕ್ಕೆ ಬೇಕಾದಷ್ಟು ಬರುತ್ತದೆ. ಹಂಚು ಕೈಯಾಡಿಸಲು ಬಂದ ಹಿರಿಯರು ಒಂದೊಂದೇ ಹಂಚು ತೆಗೆದು, ಬೆರಳ ಗೆಣ್ಣಿನಿಂದ ತಟ್ಟಿ, ಸದ್ದು ಕೇಳಿ, ಇಡುವುದನ್ನು ಇಟ್ಟು ಬಿಸಾಡುವುದನ್ನು ಅಂಗಳಕ್ಕೆ ಬಿಸಾಡುತ್ತಿದ್ದರು. ಸೀಳಿದ್ದ ಹಂಚಿನ ಸದ್ದು ಬೇರೆ. ಕೂದಲೆಳೆಯಷ್ಟು ಬಿರುಕಿದ್ದರೂ ಕಿವಿಗೆ ಗೊತ್ತಾಗುತ್ತದೆ. ಬಿಸಾಡಿದವುಗಳನ್ನು ನಾನು ಮಗುಚಿ ನೋಡುತ್ತ ಕುಳಿತೆ. ಹಳೆಯವುಗಳ ಬೆನ್ನ ಮೇಲೆ ಇಂಗ್ಲಿಷಿನಲ್ಲಿ ಬಾಸೆಲ್ ಮಿಷನ್ ಎಂಬ ಅಚ್ಚು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ನನು ಹಂಚಿನ ಕಾರ್ಖಾನೆ ತೆರೆದ ಮೇಲೆ, ನೇತ್ರಾವತಿಯ ದಡದ ಜೇಡಿ ಘಟ್ಟ ಹತ್ತಿ ನಮ್ಮ ತಲೆಯ ಮೇಲೆ ಬಂದು ಕುಳಿತಿತು. ಅದಕ್ಕೂ ಮೊದಲು ಈ ಮನೆಗೆ ಸೋಗೆ ಹೊದಿಸುತ್ತಿದ್ದರಂತೆ. ಪ್ರತಿ ವರ್ಷ ಬಿಚ್ಚಿ ಹೊದಿಸುವ ಗೋಳನ್ನು ತಪ್ಪಿಸಿದ ಮುತ್ತಜ್ಜನನ್ನು, 'ಬೆಂಕಿಯಲ್ಲಿ ಸುಟ್ಟ ಮಣ್ಣನ್ನು ದೇವರ ಮೇಲೆ ಹೊದಿಸಿದ' ಎಂದು ನೆಂಟರು ಆಡಿಕೊಂಡರಂತೆ. ಇಂದು ಅದೇ ಹಂಚಿನ ಮಾಡನ್ನು ನೋಡಿ 'ಎಂಥ ಪಾರಂಪರಿಕ ಮನೆ' ಎಂದು ಜನ ಫೋಟೋ ತೆಗೆಯುತ್ತಾರೆ.

ಅಟ್ಟದ ಮೇಲೆ ಹಂಚು ಬಿಚ್ಚಿದ ಬೆಳಕಿನಲ್ಲಿ ಒಂದು ಸಂಗತಿ ಕಣ್ಣಿಗೆ ಬಿತ್ತು. ಹಂಚು ಹೊರುವ ಪಕಾಸುಗಳ ಮೇಲೆ ಅಲ್ಲಲ್ಲಿ ಸೀಮೆಸುಣ್ಣದ ಬರಹ. ಅಣ್ಣಯ್ಯನ ಅಕ್ಷರ. ಒಂದು ಕಡೆ 'ಪುನರ್ವಸು, ಎಡಕ್ಕೆ ಎರಡು'. ಇನ್ನೊಂದು ಕಡೆ 'ಆಶ್ಲೇಷಾ, ಗಾಳಿ ಬಂದರೆ ಮಾತ್ರ'. ಮಾಡಿನ ಮೂಲೆಯ ಹತ್ತಿರ 'ಮಂಗ' ಎಂದಷ್ಟೇ. ಯಾವ ಮಳೆ ನಕ್ಷತ್ರದಲ್ಲಿ ಎಲ್ಲಿ ಸೋರುತ್ತದೆ, ಕಾರಣ ಹಂಚೋ ಗಾಳಿಯೋ ಕೋತಿಯೋ ಎಂಬ ದಾಖಲೆ ಅದು. ಮಳೆ ಸುರಿಯುವಾಗ ಟಾರ್ಚು ಹಿಡಿದು ಅಟ್ಟ ಹತ್ತಿ, ಬೇಸಗೆಯಲ್ಲಿ ಸರಿಮಾಡಲು ಗುರುತು ಹಾಕಿಟ್ಟುಕೊಂಡಿದ್ದಾನೆ. ಒಂದೆರಡು ಗುರುತುಗಳ ಮೇಲೆ ಗೆರೆ ಎಳೆದಿದೆ, ಎಂದರೆ ರಿಪೇರಿಯಾಗಿವೆ. ಬಹಳಷ್ಟರ ಮೇಲೆ ಗೆರೆ ಇಲ್ಲ. ಫೋನಿನಲ್ಲಿ 'ಮನೆ ಹೇಗಿದೆ' ಎಂದು ನಾನು ಕೇಳಿದಾಗಲೆಲ್ಲ 'ಮನೆಗೇನು, ಬಂಡೆ ಇದ್ದ ಹಾಗಿದೆ' ಎನ್ನುತ್ತಿದ್ದವನು ಅವನೇ. ಹಂಚಿನವರು ಆ ಬರಹವನ್ನು ಓದಿಕೊಂಡೇ ಕೆಲಸ ಮಾಡಿದರು. 'ನಿಮ್ಮ ಅಣ್ಣಯ್ಯ ಲೆಕ್ಕ ಸರಿಯಾಗಿ ಇಟ್ಟಿದ್ದಾರೆ ಮಾರಾಯ್ರೆ, ನನಗೆ ಹುಡುಕುವ ಕೆಲಸ ಉಳಿಯಿತು' ಎಂದರು. ಫೋಟೋಗೆ ಹಾರ ಹಾಕಿ ಅತ್ತಾಗಲೂ ಅಣ್ಣಯ್ಯ ಅಷ್ಟು ಹತ್ತಿರ ಬಂದಿರಲಿಲ್ಲ.

ಸತ್ತವರು ನೆನಪಾಗುವುದು ಫೋಟೋ ನೋಡಿದಾಗ ಎಂದು ಯಾರು ಹೇಳಿದರೋ. ನಮ್ಮ ಜಗಲಿಯ ಗೋಡೆಯ ಮೇಲೆ ಮೂರು ತಲೆಮಾರಿನ ಫೋಟೋಗಳು ಸಾಲಾಗಿ ತೂಗುತ್ತವೆ. ಎಲ್ಲರ ಮುಖದಲ್ಲೂ ಸಾಗರದ ಸ್ಟುಡಿಯೋದಲ್ಲಿ ಉಸಿರು ಬಿಗಿಹಿಡಿದು ಕುಳಿತ ಗಾಬರಿ. ಅವರು ಸಿಗುವುದು ಅಲ್ಲಿ ಅಲ್ಲ. ಅಡುಗೆ ಮನೆಯಲ್ಲಿ ನನ್ನ ಸೊಂಟ ನೋಯತೊಡಗಿದಾಗ ಅಮ್ಮ ಸಿಕ್ಕಿದರು. ಅಮ್ಮ ಗಿಡ್ಡ, ನಾನು ಅಪ್ಪಯ್ಯನ ಹಾಗೆ ಉದ್ದ. ನಾಗಂದಿಗೆ, ಗಿಳಿಗೂಟ, ಸೌಟು ತೂಗುಹಾಕುವ ಮೊಳೆ, ಎಲ್ಲವೂ ಅಮ್ಮನ ಕೈ ಎಟಕುವ ಎತ್ತರದಲ್ಲಿವೆ. ಬೇಳೆಯ ಡಬ್ಬಿಗೆ ಬಗ್ಗಬೇಕು, ಉಪ್ಪಿಗೆ ಬಗ್ಗಬೇಕು. ಅಮ್ಮ ಬದುಕಿದ್ದಾಗ ಅವರ ಮಾತಿಗೆ ನಾನು ಅಷ್ಟು ಬಗ್ಗಿದ್ದರೆ ಇಬ್ಬರಿಗೂ ಸುಖವಿತ್ತು. ಬಡಗಿಯನ್ನು ಕರೆಸಿ ನಾಗಂದಿಗೆಯನ್ನು ಒಂದು ಗೇಣು ಮೇಲಕ್ಕೆ ಏರಿಸಿದೆ. ಅದನ್ನು ಕೇಳಿ ಅತ್ತಿಗೆಗೆ ಸ್ವಲ್ಪ ಬೇಸರವಾಯಿತು. ಅಮ್ಮನ ಕಾಲದಿಂದ ಇದ್ದದ್ದನ್ನು ಅವರು ತಮ್ಮ ಕಾಲದಲ್ಲಿ ಮುಟ್ಟಿರಲಿಲ್ಲ.

ಆ ಅಡುಗೆ ಮನೆಗೇ ಇನ್ನೊಂದು ಕಥೆಯಿದೆ. ನಾನು ಚಿಕ್ಕವಳಿದ್ದಾಗ ಒಳಗೆ ಹೊಗೆ ತುಂಬಿ ಅಮ್ಮನ ಮುಖವೇ ಕಾಣುತ್ತಿರಲಿಲ್ಲ, ಕೆಮ್ಮು ಮಾತ್ರ ಕೇಳುತ್ತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು 'ಅಸ್ತ್ರ' ಎಂಬ ವಿಭಾಗ ಹುಟ್ಟಿತು. ಅವರು ರೂಪಿಸಿದ ಹೊಗೆಯಿಲ್ಲದ ಒಲೆ ಮಲೆನಾಡಿನ ಮನೆಗಳಿಗೆಲ್ಲ ಅಸ್ತ್ರ ಒಲೆಯೆಂಬ ಹೆಸರಿನಲ್ಲೇ ಬಂತು. ಕೊಳವೆ ಹೊಗೆಯನ್ನು ಹೊರಗೆ ಒಯ್ದಿತು. ಆಮೇಲೆ ಗೋಬರ್ ಗ್ಯಾಸು, ಅದರ ಹಿಂದೆ ಸಿಲಿಂಡರು. ಹೊಗೆ ನಿಂತಿತು, ಅಮ್ಮನ ಕೆಮ್ಮು ಕಡಿಮೆಯಾಯಿತು, ಅಡುಗೆ ಮನೆಯ ಪಕಾಸುಗಳಿಗೆ ಕುಟ್ಟೆ ಹಿಡಿಯಿತು. ಮರವನ್ನು ಅಷ್ಟು ವರ್ಷ ಕಾಪಾಡಿದ್ದು ಹೊಗೆಯೇ. ಹೊಗೆಯ ಕಪ್ಪು ಕೂತ ಮರಕ್ಕೆ ಹುಳು ಬಾಯಿ ಹಾಕುವುದಿಲ್ಲ. ಹಳೆಯ ಮನೆಯ ವೈಭವದ ಬಗ್ಗೆ ಉದ್ದುದ್ದ ಮಾತಾಡುವವರಿಗೆ ನಾನು ಈ ಅಡುಗೆ ಮನೆಯ ಮಾಡನ್ನು ತೋರಿಸುತ್ತೇನೆ. ತೊಲೆ ಗಟ್ಟಿಯಾಗಿ ಉಳಿದದ್ದು ಒಲೆಯ ಮುಂದೆ ಕುಳಿತವರ ಪುಪ್ಪುಸದ ಖರ್ಚಿನಲ್ಲಿ. ಈಗ ಹುಳ ಹಿಡಿದವುಗಳನ್ನು ಬದಲಿಸಿ, ಉಳಿದವಕ್ಕೆ ಗೇರೆಣ್ಣೆ ಬಳಿಸಿದ್ದೇನೆ. ಗೇರೆಣ್ಣೆ ಮೈಗೆ ತಾಗಿದರೆ ಸುಡುತ್ತದೆ, ಮನೆಯೆಲ್ಲ ನಾತ. ಆ ಒಂದು ವಾರ ಇವರು ನೆಂಟರ ಮನೆಯಲ್ಲಿದ್ದರು.

ಅಡುಗೆ ಮನೆಯಿಂದ ಹಿತ್ತಿಲಿಗೆ ಹೋಗುವ ಬಾಗಿಲು ಈ ಮನೆಯದಲ್ಲ. ಹಿತ್ತಿಲ ಬಾಗಿಲಿಗೆ ಯಾರೂ ಹಾಕದಷ್ಟು ದಪ್ಪ ಹಲಗೆ, ಹಿತ್ತಾಳೆಯ ಗುಬಟು, ಮೇಲೆ ತಾವರೆಯ ಕೆತ್ತನೆ. ಅದು ಅಮ್ಮನ ತವರಿನ ಹೆಬ್ಬಾಗಿಲು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ಹರಡಿದಾಗ ಕರೂರು ಸೀಮೆಯ ಎಷ್ಟೋ ಊರುಗಳು ನೀರಿನಡಿಗೆ ಹೋದವು. ಅಮ್ಮನ ಅಪ್ಪ ಮನೆ ಬಿಚ್ಚಿ, ಒಯ್ಯಲಾಗುವುದನ್ನು ಒಯ್ದು, ಒಯ್ಯಲಾಗದ ಹೆಬ್ಬಾಗಿಲನ್ನು ಗಾಡಿಯಲ್ಲಿ ಹೇರಿಸಿ ಮಗಳ ಮನೆಗೆ ಕಳಿಸಿದರು. ನಮ್ಮ ಅಜ್ಜ ಅದನ್ನು ಮುಂದಿನ ಬಾಗಿಲಿಗೆ ಹಾಕಲು ಒಪ್ಪಲಿಲ್ಲ. ಸೊಸೆಯ ಕಡೆಯವರ ಹೆಬ್ಬಾಗಿಲು ತಮ್ಮ ಹೆಬ್ಬಾಗಿಲಾಗುವುದು ಸಾಧ್ಯವೇ? ಹಿತ್ತಿಲಿಗೆ ಹಾಕಿಸಿದರು. ಅಮ್ಮ ಅದಕ್ಕೆ ಎದುರಾಡಲಿಲ್ಲ, ಆದರೆ ಹಬ್ಬದ ದಿನ ಮುಂಬಾಗಿಲಿಗೆ ತೋರಣ ಕಟ್ಟಿದ ಕೈಯಲ್ಲೇ ಇದಕ್ಕೂ ಒಂದು ಮಾವಿನ ಟೊಂಗೆ ಸಿಕ್ಕಿಸುತ್ತಿದ್ದರು. ಬಿರುಬೇಸಗೆಯಲ್ಲಿ ನೀರು ತಳ ಸೇರಿದಾಗ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ನೀರಿನಿಂದ ಮೇಲೇಳುತ್ತದೆ. ಜನ ಅದನ್ನು ನೋಡಲು ಹೋಗುತ್ತಾರೆ. ಅಪ್ಪಯ್ಯ ಎಷ್ಟು ಕರೆದರೂ ಅಮ್ಮ ಹೋಗಲಿಲ್ಲ. 'ಅಣೆಕಟ್ಟು ಎದ್ದರೆ ನನಗೇನು, ಮನೆ ಏಳುವುದಿಲ್ಲವಲ್ಲ' ಎಂದರಂತೆ. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಹಿನ್ನೀರಿನ ಮೇಲೆ ಕಟ್ಟಿದ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ 2025ರ ಜುಲೈಯಲ್ಲಿ ಸಂಚಾರಕ್ಕೆ ತೆರೆಯಿತು. ಲಾಂಚಿಗಾಗಿ ದಡದಲ್ಲಿ ಕಾಯುತ್ತಿದ್ದ ಆ ಕಾಲದವರು ಯಾರೂ ನಮ್ಮ ಮನೆಯಲ್ಲಿ ಉಳಿದಿಲ್ಲ. ನಾವಿಬ್ಬರೂ ಕಾರಿನಲ್ಲಿ ಹೋಗಿ ಬಂದೆವು. ಕೆಲವೇ ನಿಮಿಷದಲ್ಲಿ ದಾಟಿಬಿಟ್ಟೆವು. ಅಷ್ಟು ಬೇಗ ದಾಟಿದ್ದು ನನಗೆ ಸರಿಯೆನಿಸಲಿಲ್ಲ.

ಅಪ್ಪಯ್ಯನ ವಿಷಯಕ್ಕೆ ಬಂದರೆ ಭತ್ತ ಅಳೆಯುವ ಕೊಳಗದ ವಿಷಯಕ್ಕೆ ಬರಲೇಬೇಕು. ಕಣಜದ ಕೋಣೆಯನ್ನು ಗುಡಿಸುವಾಗ ಎರಡು ಕೊಳಗಗಳು ಸಿಕ್ಕವು. ಎರಡಕ್ಕೂ ಒಂದೇ ಬಗೆಯ ಪಟ್ಟಿ, ಒಂದೇ ಬಗೆಯ ಮರ. ಪಕ್ಕಪಕ್ಕ ಇಟ್ಟರೆ ಒಂದು ಇನ್ನೊಂದಕ್ಕಿಂತ ದೊಡ್ಡದು ಎನ್ನಲು ಅಳೆಯುವುದೇ ಬೇಡ. 1951ರಲ್ಲಿ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದದ್ದು ಇದೇ ಕೊಳಗದ ಜಗಳದಿಂದ. ಗೇಣಿ ಅಳೆದುಕೊಳ್ಳುವಾಗ ಒಡೆಯರ ಕೊಳಗ ದೊಡ್ಡದಾಗುತ್ತಿತ್ತು. ಅದು ಇದೇ ತಾಲ್ಲೂಕು. ಶಾಲೆಯಲ್ಲಿ ಅದನ್ನು ಓದಿ ಬಂದ ದಿನ ಅಪ್ಪಯ್ಯನನ್ನು ಕೇಳಿದ್ದೆ, ನಮ್ಮ ಮನೆಯಲ್ಲೂ ಹಾಗಿತ್ತೇ ಎಂದು. 'ಊಟ ಮಾಡು' ಎಂದಿದ್ದರು. 1974ರ ಮಾರ್ಚಿನಿಂದ ಭೂ ಸುಧಾರಣೆ ಜಾರಿಯಾಗಿ ಗೇಣಿದಾರರು ಡಿಕ್ಲರೇಷನ್ ಹಾಕಿದರು, ಗದ್ದೆಗಳು ಉಳುವವರ ಹೆಸರಿಗಾದವು. ಅಜ್ಜ ಕೊನೆಯವರೆಗೂ ಅದನ್ನು ಮೋಸ ಎಂದೇ ಕರೆದರು. ಅಪ್ಪಯ್ಯ ನ್ಯಾಯಮಂಡಳಿಯ ಮುಂದೆ ಹೋಗಿ ತಕರಾರಿಲ್ಲ ಎಂದು ಬರೆದುಕೊಟ್ಟು ಬಂದರು. ಆ ಕಾಗದದ ನಕಲು ಅವರ ಪೆಟ್ಟಿಗೆಯಲ್ಲಿದೆ. ಅಪ್ಪ ಮಗ ಅದರ ಮೇಲೆ ವರ್ಷಗಟ್ಟಲೆ ಮಾತು ಬಿಟ್ಟಿದ್ದರಂತೆ. ಒಬ್ಬರಿಗೊಬ್ಬರು ಹೇಳಬೇಕಾದ್ದನ್ನು ಅತ್ತೆಯ ಮೂಲಕ ಹೇಳಿಕಳಿಸುತ್ತಿದ್ದರಂತೆ. ಈ ಮನೆಯ ಕಂಬಗಳನ್ನು ನಿಲ್ಲಿಸಿದ್ದು ದೊಡ್ಡ ಕೊಳಗದ ಭತ್ತ. ಹೊಗಳುವವರ ಎದುರು ನಾನು ಇದನ್ನು ಬಾಯಿಬಿಟ್ಟು ಹೇಳುತ್ತೇನೆ, ಕೆಲವರಿಗೆ ಅದು ಇಷ್ಟವಾಗುವುದಿಲ್ಲ. ಕೊಳಗಗಳೆರಡನ್ನೂ ಒರೆಸಿ ಜಗಲಿಯಲ್ಲಿ ಫೋಟೋಗಳ ಕೆಳಗೇ ಇಟ್ಟಿದ್ದೇನೆ.

ಅತ್ತೆಯ ಕೋಣೆಗೆ ಕೊನೆಗೆ ಬಂದೆ. ತಡಮಾಡಿದ್ದೂ ನಿಜ. ಮೆತ್ತಿನ ಮೆಟ್ಟಿಲ ಕೆಳಗೆ, ಬಚ್ಚಲಿಗೆ ಒತ್ತಿಕೊಂಡಿರುವ ಕೋಣೆ. ಕಿಟಕಿ ಇಲ್ಲ. ಬಾಗಿಲು ಹಾಕಿದರೆ ಹಗಲಲ್ಲೂ ಕತ್ತಲೆ. ಒಂದು ಮಂಚ, ಒಂದು ಟ್ರಂಕು, ಗೋಡೆಯಲ್ಲೊಂದು ಗೂಡು. ಅತ್ತೆ ಇದರಲ್ಲಿ ಬದುಕು ಕಳೆದರು. ಜಗಲಿಗೆ ಹೊರಗಿನವರು ಬಂದರೆ ಅತ್ತೆ ಅತ್ತ ಸುಳಿಯಬಾರದು, ಮದುವೆಗೆ ಹೊರಟವರ ಎದುರು ಬರಬಾರದು, ಅರಿಶಿನ ಕುಂಕುಮದ ತಟ್ಟೆ ಮುಟ್ಟಬಾರದು. ಅಷ್ಟು ದೊಡ್ಡ ಮನೆಯಲ್ಲಿ ಅವರಿಗೆ ನಡೆದಾಡಲು ಇದ್ದದ್ದು ಹಿತ್ತಿಲಿಂದ ಬಚ್ಚಲಿನವರೆಗಿನ ದಾರಿ. ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಹೆಂಗಸರ ಆಸ್ತಿ ಹಕ್ಕಿನ ಕಾಯಿದೆ ಬಂದಿತ್ತು, ವಿಧವೆಗೂ ಪಾಲಿನ ಮಾತು ಅದರಲ್ಲಿತ್ತು. ಗಂಡನ ಮನೆಯವರು ಅದನ್ನು ಹೇಳಲಿಲ್ಲ, ತವರಿನವರು ಕೇಳಲಿಲ್ಲ. ನಮ್ಮ ಮನೆಯವರು ಒಳ್ಳೆಯವರು, ಅತ್ತೆಯನ್ನು ಯಾರೂ ಬೈದದ್ದಿಲ್ಲ, ಹೊಡೆದದ್ದಿಲ್ಲ ಎಂದು ಅತ್ತಿಗೆ ಹೇಳುತ್ತಾರೆ. ಹೌದು, ಯಾರೂ ಬೈಯಲಿಲ್ಲ. ಕಿಟಕಿಯನ್ನೂ ಯಾರೂ ಇಡಿಸಲಿಲ್ಲ.

ಹಾಗೆಂದು ಅತ್ತೆ ಸಪ್ಪೆ ಮೋರೆಯವರಲ್ಲ. ಭದ್ರಾವತಿ ಆಕಾಶವಾಣಿಯ ಕಾರ್ಯಕ್ರಮಗಳ ಸಮಯವೆಲ್ಲ ಅವರಿಗೆ ಬಾಯಿಪಾಠ. ಮೆಟ್ಟಿಲ ಕೆಳಗೆ ಕೂತು, ಮೇಲೆ ಅಪ್ಪಯ್ಯನ ಕೋಣೆಯಲ್ಲಿ ಹಾಡುವ ರೇಡಿಯೋ ಕೇಳುತ್ತ, ಕೃಷಿರಂಗದಲ್ಲಿ ಹೇಳಿದ್ದನ್ನು ಮರುದಿನ ಅಪ್ಪಯ್ಯನಿಗೇ ಉಪದೇಶ ಮಾಡುತ್ತಿದ್ದರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವುದು ಒಂದು ವಾರ ತಡವಾಯಿತೆಂದು ಅವರು ಅಪ್ಪಯ್ಯನ ಮೇಲೆ ರೇಗಿದ್ದು ನನಗೆ ನೆನಪಿದೆ. ಮಯ್ಲುತುತ್ತ ಎಷ್ಟು, ಸುಣ್ಣ ಎಷ್ಟು ಎಂದು ತೋಟಕ್ಕೆ ಕಾಲಿಡದೆಯೇ ಹೇಳಬಲ್ಲವರಾಗಿದ್ದರು.

ಟ್ರಂಕಿನಲ್ಲಿ ಎರಡು ಬಿಳಿ ಸೀರೆ, ಹಳೆಯ ಪಂಚಾಂಗಗಳ ಕಟ್ಟು, ಅಂಚೆ ಕಚೇರಿಯ ಉಳಿತಾಯದ ಪಾಸುಪುಸ್ತಕ. ಪಾಸುಪುಸ್ತಕ ಅತ್ತೆಯ ಹೆಸರಿನದು. ಅತ್ತೆಗೆ ಹಣ ಎಲ್ಲಿಂದ ಬಂತು? ಪ್ರತಿ ವರ್ಷ ಮಾಘದ ಆಸುಪಾಸಿನಲ್ಲಿ ಒಂದು ಮೊತ್ತ ಜಮೆಯಾಗಿದೆ. ಮಾಘ ಎಂದರೆ ಅಡಿಕೆ ಸುಗ್ಗಿ ಮುಗಿಯುವ ಹೊತ್ತು. ಅಪ್ಪಯ್ಯನ ಪೆಟ್ಟಿಗೆಯಿಂದ ಸುಲಿಗೆ ಲೆಕ್ಕದ ಪುಸ್ತಕಗಳನ್ನು ತೆಗೆದು ನೋಡಿದೆ. ಮೆಟ್ಟುಗತ್ತಿ ಹಿಡಿದು ರಾತ್ರಿ ಸುಲಿಯಲು ಬರುತ್ತಿದ್ದವರಿಗೆ ಡಬ್ಬದ ಲೆಕ್ಕದಲ್ಲಿ ಕೂಲಿ. ಆ ಲೆಕ್ಕ ಬರೆಯುತ್ತಿದ್ದವರು ಅಮ್ಮ. ಊರಿನ ಹೆಂಗಸರ ಹೆಸರುಗಳ ನಡುವೆ, ಎಲ್ಲರ ಹಾಗೆಯೇ, ಅತ್ತೆಯ ಹೆಸರು. ಇಂದು ಎರಡು ಡಬ್ಬ, ನಾಳೆ ಮೂರು ಡಬ್ಬ. ಮನೆಯ ಹೆಂಗಸರು ಸುಲಿದದ್ದಕ್ಕೆ ಕೂಲಿ ಇರಲಿಲ್ಲ. ಅಮ್ಮ ಸುಲಿದದ್ದು ಎಲ್ಲೂ ಬರೆದಿಲ್ಲ, ನಾನು ಸುಲಿದದ್ದು ಬರೆದಿಲ್ಲ. ಅತ್ತೆಯದು ಮಾತ್ರ ದಿನವೂ ಬರೆದಿದೆ, ಸುಗ್ಗಿಯ ಕೊನೆಗೆ ಒಟ್ಟು ಹಾಕಿದೆ, ಪುಟದ ಕೆಳಗೆ ಅಪ್ಪಯ್ಯನ ಸಹಿ ಇದೆ. ಓದದೆ ಸಹಿ ಹಾಕಿದರೋ, ಓದಿಯೇ ಹಾಕಿದರೋ. ಅಪ್ಪಯ್ಯ ಲೆಕ್ಕ ಓದದೆ ಸಹಿ ಹಾಕುವ ಆಸಾಮಿಯಲ್ಲ. ಮೂವರೂ ಸೇರಿ, ಒಬ್ಬರಿಗೊಬ್ಬರು ಒಂದು ಮಾತೂ ಆಡದೆ, ಅಜ್ಜನ ಮೂಗಿನ ಕೆಳಗೆ ಇದನ್ನು ನಡೆಸಿದ್ದಾರೆ ಎಂದೇ ನನ್ನ ನಂಬಿಕೆ.

ಪಾಸುಪುಸ್ತಕದ ಕೊನೆಯ ಪುಟದಲ್ಲಿ ಎಲ್ಲ ಹಣವನ್ನೂ ಒಮ್ಮೆಗೇ ತೆಗೆದದ್ದು ಕಾಣುತ್ತದೆ. ತಾರೀಕು ನೋಡಿದೆ. ನಾನು ಕಾಲೇಜಿಗೆಂದು ಶಿವಮೊಗ್ಗದ ಹಾಸ್ಟೆಲ್ಲಿಗೆ ಸೇರಿದ ತಿಂಗಳು ಅದು. ಹೆಣ್ಣುಮಗಳನ್ನು ಅಷ್ಟು ದೂರ ಓದಲು ಕಳಿಸುವುದು ಬೇಡವೆಂದು ಅಜ್ಜ ಹಟ ಹಿಡಿದಿದ್ದು, ಆಮೇಲೆ ಹೇಗೋ ಎಲ್ಲ ಸರಿಹೋಗಿದ್ದು ಗೊತ್ತಿತ್ತು. 'ಹೇಗೋ' ಎಂದೇ ಇಷ್ಟು ವರ್ಷ ನಾನು ಹೇಳಿಕೊಂಡು ಬಂದಿದ್ದೆ.

ಗೋಡೆಗೆ ಕಿಟಕಿ ಕೊರೆಯಲು ಬಂದ ಗಾರೆಯವರು ಮೊದಲು ಹಿಂದೇಟು ಹಾಕಿದರು. ಎರಡಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಮೆಟ್ಟಿಲ ಭಾರ, ಅದರ ಮೇಲೆ ಆಯದ ಮಾತು. ಹಳೆಯ ಮನೆಯ ಆಯ ಕೆಡಿಸಿದರೆ ಯಜಮಾನರಿಗೆ ಒಳ್ಳೆಯದಲ್ಲ ಎಂದರು. ಯಜಮಾನರು ಯಾರು ಎಂದು ಕೇಳಿದೆ. ಅವರು ಇವರ ಕಡೆ ನೋಡಿದರು. ಇವರು, 'ನಾನು ಮನೆ ಅಳಿಯ, ನನ್ನನ್ನು ಬಿಡಿ' ಎಂದು ಪೇಪರು ಮಡಚಿಕೊಂಡು ಎದ್ದು ಹೋದರು. ಕೊನೆಗೆ ಮೇಲೊಂದು ಮತ್ತಿಯ ತುಂಡನ್ನು ಅಡ್ಡ ಕೊಟ್ಟು, ಭಾರ ಅದರ ಮೇಲೆ ಕೂರಿಸಿ, ನಿಧಾನಕ್ಕೆ ಕೊರೆದರು. ಕಿಟಕಿಯಿಂದ ಕಾಣುವುದು ದೊಡ್ಡ ನೋಟವೇನಲ್ಲ. ಬಚ್ಚಲ ನೀರು ಹರಿಯುವ ಕಡೆ ನೆಟ್ಟ ಕೆಸುವು, ಬಾಳೆ, ಆಚೆ ದನವಿಲ್ಲದ ಕೊಟ್ಟಿಗೆ.

ಕಂಬಗಳನ್ನು ಕೊಡುತ್ತೀರಾ ಎಂದು ಕೇಳಿಕೊಂಡು ದಲ್ಲಾಳಿಗಳು ಈಗಲೂ ಬರುತ್ತಾರೆ. ಯಾವುದೋ ರೆಸಾರ್ಟಿನ ಸ್ವಾಗತ ಕೋಣೆಗೆ ಬೇಕಂತೆ. ಇಡೀ ಮನೆಯನ್ನೇ ಬಿಚ್ಚಿ ಮರಳಿ ಜೋಡಿಸಿದ್ದೂ ಉಂಟು. ಮಣಿಪಾಲದ ಪಾರಂಪರಿಕ ಗ್ರಾಮದಲ್ಲಿ ಕುಂಜೂರಿನ ಚೌಕಿಮನೆಯಂಥವನ್ನು ಹಾಗೆ ಉಳಿಸಿದ್ದಾರೆ, ಅಷ್ಟು ಶ್ರದ್ಧೆಯಿಂದ ಮಾಡಿದ ಕೆಲಸ ನಮ್ಮಲ್ಲಿ ಅಪರೂಪ. ಕುಪ್ಪಳಿಯ ಕವಿಮನೆಗೂ ಹೋಗಿಬಂದಿದ್ದೇನೆ, ಹೊಳೆಯುವ ನೆಲ, ಸಾಲಾಗಿ ಇಟ್ಟ ಕಂಚಿನ ಪಾತ್ರೆ. ಅಂಥ ಮನೆಗಳು ಹಾಗೇ ಇರಬೇಕು. ಆದರೆ ವಾಸದ ಮನೆಯನ್ನು ಹಾಗೆ ಇಡಬೇಕೆಂದು ನನಗೆ ಉಪದೇಶ ಮಾಡುವವರ ಜೊತೆ ನನ್ನ ಜಗಳ ಇದೆ. ಮುತ್ತಜ್ಜ ಸೋಗೆ ಕಿತ್ತು ಹಂಚು ಹೊದಿಸಿದರು. ಅಜ್ಜ ಸೆಗಣಿ ನೆಲ ತೆಗೆಸಿ ಕಾವಿ ನೆಲ ಹಾಕಿಸಿದರು. ಅಮ್ಮ ಒಲೆ ಬದಲಿಸಿದರು, ಅಣ್ಣಯ್ಯ ನಡುಮನೆಗೆ ಫ್ಯಾನು ಹಾಕಿಸಲು ಮುಚ್ಚಿಗೆಯ ಹಲಗೆಯನ್ನೇ ಕೊಯ್ಸಿದ. ಹಾಗೇ ಇಡುವುದೆಂದರೆ ಇವರಲ್ಲಿ ಯಾರ ಹಾಗೆ? ಇದ್ದದ್ದನ್ನು ಇದ್ದಂತೆ ಬಿಟ್ಟು ಬದುಕಿದವರು ಈ ಮನೆಯಲ್ಲಿ ಒಬ್ಬರೇ, ಅತ್ತೆ. ಅವರಿಗೆ ಬದಲಿಸುವ ಅಧಿಕಾರ ಇರಲಿಲ್ಲ.

ತಿಥಿ, ಪಕ್ಷ ಎಲ್ಲ ಅಣ್ಣಯ್ಯನ ಮಗ ಬೆಂಗಳೂರಿನಲ್ಲೇ ಮಾಡುತ್ತಾನೆ. ಕಾಯಿದೆ ನನಗೆ ಮನೆ ಕೊಟ್ಟಿತು, ಪಿಂಡ ಇಡುವ ಅಧಿಕಾರ ಶಾಸ್ತ್ರ ಕೊಡಲಿಲ್ಲ. ಅದರ ಬಗ್ಗೆ ನನಗೆ ಅಂಥ ಕೊರಗೂ ಇಲ್ಲ. ಅತ್ತೆಗೆ ಮಕ್ಕಳಿರಲಿಲ್ಲ, ಅವರ ತಿಥಿ ಯಾವತ್ತೆಂದು ಈಗ ಯಾರಿಗೂ ಪಕ್ಕಾ ಗೊತ್ತಿಲ್ಲ. ಪುರೋಹಿತರು ಮಹಾಲಯ ಅಮಾವಾಸ್ಯೆಯ ದಿನ ಎಲ್ಲರೊಡನೆ ಸೇರಿಸಿಬಿಡಿ ಎಂದರು. ಸೇರಿಸಿದ್ದಾನಂತೆ.

ಅವನಿಗೆ ಈಗ ಹೊಸ ಯೋಚನೆ ಹತ್ತಿದೆ. ದೀಪಾವಳಿಗೆ ಬಂದವನು ಮೆತ್ತು, ಜಗಲಿಗಳನ್ನೆಲ್ಲ ಸುತ್ತಿ ನೋಡಿ, 'ಅತ್ತೆ, ಹೋಂಸ್ಟೇ ಮಾಡೋಣ' ಎಂದ. ಇವರಿಗೆ ಗಂಟಲಲ್ಲಿ ಕಾಫಿ ಸಿಕ್ಕಿಕೊಂಡಿತು. ನನಗೆ ಅದು ಅಷ್ಟು ಕೆಟ್ಟ ಯೋಚನೆ ಅನ್ನಿಸಲಿಲ್ಲ. ದಾರಿಹೋಕರಿಗೆ ಎಲೆ ಹಾಕಿದ ಮನೆಯೇ ಇದು, ಈಗ ಅವರು ದುಡ್ಡು ಕೊಡುತ್ತಾರೆ ಅಷ್ಟೇ. ಹಂಚು, ಗೇರೆಣ್ಣೆ, ಬಡಗಿಯ ಕೂಲಿ ಎಲ್ಲದಕ್ಕೂ ಎಲ್ಲಿಂದಾದರೂ ಹಣ ಬರಲೇಬೇಕು, ನಿವೃತ್ತಿಯ ಹಣ ಎಷ್ಟು ದಿನ ಬಂದೀತು? ಮೊದಲು ಮೆತ್ತಿನಲ್ಲಿ ಎರಡು ಶೌಚಾಲಯ ಕಟ್ಟಿಸು, ಆಮೇಲೆ ಮಾತಾಡು ಎಂದೆ. ಬ್ಯಾಂಕಿನಲ್ಲಿ ವಿಚಾರಿಸುತ್ತಿದ್ದಾನೆ.

ಮೊನ್ನೆ ವಾಟ್ಸ್ಆ್ಯಪಿನಲ್ಲಿ ಕೋಣೆಗಳ ಪಟ್ಟಿ ಕೇಳಿದ. ಬರೆದು ಕಳಿಸಿದೆ. ಮೆತ್ತಿನವು ಮೂರು, ಕಣಜದ ಕೋಣೆ, ಅಪ್ಪಯ್ಯನ ಕೋಣೆ, ಜಗಲಿಯ ತುದಿಯದು. ಮೆಟ್ಟಿಲ ಕೆಳಗಿನದನ್ನು ಬಿಟ್ಟಿದ್ದೀಯಲ್ಲ ಅತ್ತೆ, ಈಗ ಕಿಟಕಿಯೂ ಆಗಿದೆ, ಚಿಕ್ಕದಾದರೂ ಚೊಕ್ಕವಾಗಿದೆ, ಒಬ್ಬರಿಗೆ ಕೊಡಬಹುದಲ್ಲ ಎಂದು ಕೇಳಿದ. ಅದನ್ನು ಕೊಡುವುದಿಲ್ಲ, ಅಲ್ಲಿ ನಾನು ಮಲಗುತ್ತೇನೆ ಎಂದು ಬರೆದೆ. ಇಷ್ಟು ದೊಡ್ಡ ಮನೆಯಲ್ಲಿ ನಿನಗೆ ಅದೇ ಬೇಕೇ ಎಂದು ಮರುಪ್ರಶ್ನೆ ಬಂತು. ಮಂಡಿ ನೋವಿಗೆ ಮೆತ್ತು ಹತ್ತುವುದು ಆಗುವುದಿಲ್ಲ, ರಾತ್ರಿ ಏಳುವವಳಿಗೆ ಬಚ್ಚಲು ಹತ್ತಿರ, ಬೇಸಗೆಯಲ್ಲಿ ಮನೆಯಲ್ಲೇ ತಂಪಾದ ಕೋಣೆ ಅದು ಎಂದು ಉತ್ತರಿಸಿದೆ. ಮೂರೂ ನಿಜವೇ. ಇವರ ಗೊರಕೆಯ ವಿಷಯ ಬರೆಯಲಿಲ್ಲ.